ಅರ್ಧ ಗಾಡಿ ಸರ್ಕಾರದ್ದು

ಬೆಳಿಗ್ಗೆ ಹನ್ನೊಂದು ಗಂಟೆ ಹದಿನೇಳು ನಿಮಿಷ. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಹನ್ನೊಂದೂ ಇಪ್ಪತ್ತಕ್ಕೆ ಒಳ್ಳೆಯ ಗಳಿಗೆ ಮುಗಿಯುತ್ತದೆ ಎಂದು ಪೂಜೆಗೆ ಬಂದ ಐನೋರು ಹೇಳಿದ್ದರು. ಗಳಿಗೆ ಕಾಯುವ ಕೆಲಸ ನನ್ನದು. ಓದಿದವನಿಗೆ ನಮ್ಮ ಮನೆತನದಲ್ಲಿ ಸಿಗುವ ಕೆಲಸಗಳು ಇಂಥವೇ. ಮೊಬೈಲ್ ನೋಡುತ್ತ "ಇನ್ನ ಮೂರ ನಿಮಿಷ ಐತ್ರಿ" ಎಂದು ನಾನು ಹೇಳಿದ್ದೇ ತಡ, ನನ್ನ ಸೋದರಮಾವ ಇಳಕಲ್ಲಿನ ತಮ್ಮ ಕಲ್ಲಿನ ಕ್ವಾರಿಯ ಅಂಚಿನಲ್ಲಿ, ಎರಡು ವರ್ಷ ಕಾದು ತರಿಸಿದ ಪರದೇಶದ ಕರೆಂಟಿನ ಕಾರಿನಲ್ಲಿ ಕೂತು ಎಕ್ಸಲೇಟರ್ ಒತ್ತಿದರು.

ಮುಂದಿನದನ್ನು ಹೇಳುವ ಮೊದಲು ಆ ಕಾರು ಅಲ್ಲಿಗೆ ಹೇಗೆ ಬಂತು ಎಂಬುದನ್ನು ಹೇಳಬೇಕು. ಅದರಲ್ಲಿ ನನ್ನ ಪಾಲೂ ಇದೆ.

ಸೋದರಮಾವನನ್ನು ನಾವು ಮಾಮಾ ಅನ್ನುತ್ತೇವೆ. ನಮ್ಮ ಕಡೆಯ ಕೆಂಪು ಗ್ರಾನೈಟನ್ನು ಭೂಮಿಯಿಂದ ಎಬ್ಬಿಸಿ, ಹಡಗಿಗೇರಿಸಿ, ಪರದೇಶದವರ ಅಡಿಗೆಮನೆಯ ಕಟ್ಟೆಗೆ ಮುಟ್ಟಿಸುವುದು ಅವರ ವ್ಯಾಪಾರ. ನಾನು ಹುನಗುಂದದ ಕಾಲೇಜಿನಲ್ಲಿ ಕಾಮರ್ಸ್ ಹೇಳುತ್ತೇನೆ. ಆಮದು ಸುಂಕ ನನ್ನ ಪಾಠ. ಬಿ.ಕಾಂ. ಹುಡುಗರಲ್ಲಿ ಯಾರೂ ಈವರೆಗೆ ಏನನ್ನೂ ಆಮದು ಮಾಡಿಕೊಂಡಿಲ್ಲ, ನಾನೂ ಮಾಡಿಕೊಂಡಿಲ್ಲ, ಹಾಗಾಗಿ ಪಾಠ ಸುಸೂತ್ರವಾಗಿ ನಡೆಯುತ್ತಿತ್ತು. ಒಮ್ಮೆ ಮಾಮಾ ಪರದೇಶಕ್ಕೆ ಹೋದಾಗ ಅಲ್ಲಿಯ ಗಿರಾಕಿ ಅವರನ್ನು ಇಂಥ ಕಾರಿನಲ್ಲಿ ತಿರುಗಾಡಿಸಿದ. ಮಾಮಾ ಊರಿಗೆ ಬಂದವರೇ ನನ್ನನ್ನು ಕರೆಸಿದರು.

"ಮಾಸ್ತರ, ಅಲ್ಲೆ ಗಾಡಿ ಗಾಜಿಗೆ ದರ ಅಂಟಿಸಿದ್ರು. ಇಲ್ಲೆ ಕೇಳಿದ್ರ ಅದರ ಎರಡರಷ್ಟರ ಮ್ಯಾಲ ಹೇಳ್ತಾರ. ನಡುವ ಯಾರ್ ತಿಂದ್ರು?"

"ಸುಂಕ ರೀ ಮಾಮಾ."

ಅಡಿಗೆಮನೆಯ ಬಾಗಿಲಲ್ಲಿ ಕೂತು ಪಾಠ ಶುರು ಮಾಡಿದೆ. ಮೊದಲು ಕಾರಿನ ಬೆಲೆ. ಅದಕ್ಕೆ ಹಡಗಿನ ಬಾಡಿಗೆ ಕೂಡಿಸುತ್ತಾರೆ, ದಾರಿಯ ವಿಮೆ ಕೂಡಿಸುತ್ತಾರೆ. ಮೂರೂ ಸೇರಿದ ಮೊತ್ತದ ಮೇಲೆ ಸುಂಕ, ಹೆಚ್ಚೂಕಡಿಮೆ ಆ ಮೊತ್ತದಷ್ಟೇ. ಸುಂಕ ಸೇರಿದ ಮೊತ್ತದ ಮೇಲೆ ಜಿಎಸ್‌ಟಿ. ಕರೆಂಟಿನ ಗಾಡಿ ಅಂತ ಜಿಎಸ್‌ಟಿ ಮಾತ್ರ ಕಡಿಮೆ. ಹೊಗೆ ಬಿಡಲಿಲ್ಲ ಎಂದು ಬೆನ್ನು ತಟ್ಟುವ ಸರ್ಕಾರವೇ ಪರದೇಶದ್ದು ಎಂದು ಕಪಾಳಕ್ಕೂ ಹೊಡೆಯುತ್ತದೆ. ಕೊನೆಗೆ ರಸ್ತೆ ತೆರಿಗೆ.

"ಹಡಗಿನ ಬಾಡಿಗಿ ಮ್ಯಾಲೂ ಸುಂಕೇನು? ಹಡಗೇನ್ ನಾ ಕೊಂಡೇನೇನ್ಲೇ?"

"ಬಿಡಿ ಭಾಗ ತರಿಸಿ ನಮ್ಮ ದೇಶದಾಗ ಜೋಡಿಸಿದ್ರ ಸುಂಕ ಕಡಿಮಿ ಐತ್ರಿ."

ಮಾಮಾ ಎದ್ದು ಕೂತರು. "ಹಂಗಾರ ಬಿಚ್ಚಿ ಕಳಸ್ರಿ ಅಂತ ಹೇಳು. ನಮ್ಮ ವೆಲ್ಡರ್ ಅದಾನಲ್ಲ, ಜೋಡಸ್ತಾನ. ಕಲ್ಲ ಎತ್ತೂ ಡೆರಿಕ್ ಜೋಡಿಸಿದಾಂವ, ಕಾರ್ ಏನ್ ಮಹಾ."

ಅದು ಹಾಗಲ್ಲ, ಕಂಪನಿಯೇ ಜೋಡಿಸಬೇಕು, ಈ ಮಾದರಿಯನ್ನು ಅವರು ಇಲ್ಲಿ ಜೋಡಿಸುವುದಿಲ್ಲ ಎಂದು ಬಿಡಿಸಿ ಹೇಳಲು ಅರ್ಧ ತಾಸು ಹಿಡಿಯಿತು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಮಾಮಿ, ಅಂದರೆ ಮಾಮಾನ ಹೆಂಡತಿ, ನಮ್ಮ ಕಡೆ ತಿರುಗಿದರು.

"ಅರ್ಧ ರೊಕ್ಕ ಕೊಟ್ಟು ಅರ್ಧ ಗಾಡಿ ತಗೊಂಡ ಬರ್ರಿ," ಅಂದರು. "ಉಳಿದ ಅರ್ಧ ಸರ್ಕಾರ ಹೊಡಕೋಂತ ಅಡ್ಡಾಡ್ಲಿ."

ನಾನು ಕಾಯಲು ಹೇಳಿದೆ. ಇಲ್ಲಿ ಕಾರ್ಖಾನೆ ಕಟ್ಟುವ ಮಾತು ಕೊಟ್ಟ ಕಂಪನಿಗಳಿಗೆ ಸರ್ಕಾರ ಸುಂಕ ಇಳಿಸುತ್ತದೆ ಎಂದು ಪತ್ರಿಕೆಯಲ್ಲಿ ಬಂದಿತ್ತು. ಮಾಮಾ ಎರಡು ಬಜೆಟ್ ಕಾದರು. ಬಜೆಟ್ಟಿನ ದಿನ ಟಿವಿಯ ಮುಂದೆ ಕೂತು, ಮಂತ್ರಿಗಳು ಗೊಬ್ಬರದ ಬಗ್ಗೆ ಮಾತಾಡಿದರೆ "ಮುಂದಕ್ಕ ನಡೀರಿ" ಎನ್ನುತ್ತಿದ್ದರು. ಸುಂಕ ಕೆಲವರಿಗೆ ಇಳಿಯಿತು. ಮಾಮಾನ ಕಾರಿನ ಕಂಪನಿ ಮಾತ್ರ ಕಾರ್ಖಾನೆ ಕಟ್ಟುವ ಸುದ್ದಿಯನ್ನೇ ಎತ್ತಲಿಲ್ಲ. ಅಷ್ಟರಲ್ಲಿ ಕಾರಿನ ಮೂಲ ಬೆಲೆಯೇ ಏರಿತ್ತು. "ನಿನ್ನ ಮಾತ ಕೇಳಿ ಸುಂಕಕ್ಕ ಬಡ್ಡಿ ಕೊಟ್ಟಂಗಾತು" ಎಂದು ನನಗೆ ಬೈದು, ಪೂರ್ತಿ ಸುಂಕ ಕಟ್ಟಿಯೇ ತರಿಸಿದರು.

ಶ್ರಾವಣದ ಒಂದು ಸೋಮವಾರ ಕಾರು ಬಾಗಲಕೋಟೆಯ ದಾರಿಯಿಂದ ದೊಡ್ಡ ಲಾರಿಯ ಬೆನ್ನ ಮೇಲೆ ಮಲಗಿಕೊಂಡು ಬಂತು. ಮನೆಗೆ ಹೋಗಲಿಲ್ಲ, ನೇರವಾಗಿ ಕ್ವಾರಿಗೆ ಹೋಯಿತು. ಮಾಮಾನ ಮನೆಯ ಪದ್ಧತಿ ಅದು. ಸೈಕಲ್ ಇರಲಿ, ಲೋಡರ್ ಇರಲಿ, ಹೊಸ ಗಾಡಿಯ ಮೊದಲ ಪೂಜೆ ಅವರ ತಂದೆ ಮೊದಲ ಕಲ್ಲು ಎಬ್ಬಿಸಿದ ಜಾಗದಲ್ಲೇ ಆಗಬೇಕು. ಆ ಕಾಲದಲ್ಲಿ ಅದು ಬಯಲು. ಮುಂದೆ ಕಲ್ಲು ಕೊರೆಯುತ್ತ ಕೊರೆಯುತ್ತ ಆ ಜಾಗದ ಪೂರ್ವಕ್ಕೆ ಮೂರಂತಸ್ತಿನ ಮನೆ ಮುಳುಗುವಷ್ಟು ಆಳದ ಗುಂಡಿಯಾಗಿದೆ, ತಳದಲ್ಲಿ ಹಸಿರು ನೀರು. ಪೂಜೆಗೆ ಗಾಡಿ ಪೂರ್ವಕ್ಕೇ ಮುಖ ಮಾಡಿ ನಿಲ್ಲಬೇಕು.

"ಒಂದೀಟು ಪಶ್ಚಿಮಕ್ಕ ತಿರುಗಿಸಿದ್ರ ನಡಿಯೂದಿಲ್ಲೇನ್ರಿ?" ಎಂದು ನಾನು ಕೇಳಿದ್ದು ನಿಜ.

"ಸೂರ್ಯಾನ್ನ ತಿರುಗಸ್ರಿ ಮಾಸ್ತರ, ಗಾಡಿ ತಾನ ತಿರುಗ್ತೈತಿ" ಎಂದರು ಐನೋರು.

ಲಾರಿಗಳ ಕಾಲದಲ್ಲಿ ಇದರಿಂದ ಏನೂ ತೊಂದರೆಯಾಗಿರಲಿಲ್ಲ. ಚಕ್ರದಡಿ ನಿಂಬೆಹಣ್ಣು ಇಡುತ್ತಿದ್ದರು. ಡ್ರೈವರ್ ಗಾಡಿ ಚಾಲೂ ಮಾಡಿ, ನಿಂತಲ್ಲೇ ಎಕ್ಸಲೇಟರ್ ತುಳಿದು ರೇಸ್ ಕೊಡುತ್ತಿದ್ದ. ಇಂಜಿನ್ನು ಕ್ವಾರಿ ತುಂಬ ಒದರಿ, ಕರಿ ಹೊಗೆ ಬಿಟ್ಟ ಮೇಲೆ ಎಲ್ಲರಿಗೂ ಸಮಾಧಾನ. ಆಮೇಲೆ ಗೇರು ಹಾಕಿ, ಗೇಣುದ್ದ ಮುಂದೆ ಹೋಗಿ ನಿಂಬೆ ಅಪ್ಪಚ್ಚಿ ಮಾಡಿ, ಹಿಂದಕ್ಕೆ ತೆಗೆಯುತ್ತಿದ್ದ. ರೇಸ್ ಕೊಡದೆ ಹೊರಟ ಗಾಡಿ ನಮ್ಮ ಕ್ವಾರಿಯ ಇತಿಹಾಸದಲ್ಲೇ ಇಲ್ಲ.

ಅವತ್ತು ಕ್ರೇನ್ ನಡೆಸುವ ಹಿರಿಯರು ಭಂಡಾರ ತಂದಿದ್ದರು. ಬೀರಪ್ಪನ ಒಕ್ಕಲಿನವರು, ಹಣೆಯ ಮೇಲೆ ಆ ಅರಿಶಿನ ಪುಡಿ ಇಲ್ಲದೆ ಕ್ರೇನ್ ಹತ್ತುವವರಲ್ಲ. ಕಾರಿನ ಮುಂದೆಯೂ ಪಕ್ಕದಲ್ಲೂ ಸಣ್ಣ ಸಣ್ಣ ಗಾಜಿನ ಗುಂಡುಗಳಿದ್ದವು. ಅವು ಕ್ಯಾಮೆರಾಗಳು. ಹಿರಿಯರಿಗೆ ಅವು ಕಣ್ಣಿನಂತೆ ಕಂಡವು. ಕಣ್ಣೆಂದ ಮೇಲೆ ಬರಿದು ಬಿಡುವುದು ಹೇಗೆ? ಒಂದೂ ಬಿಡದೆ ಎಲ್ಲಕ್ಕೂ ಭಂಡಾರ ಬಳಿದರು, ಐನೋರು ಮೇಲೆ ಕುಂಕುಮ ಇಟ್ಟರು. ಒಳಗಿನ ಪರದೆಯಲ್ಲಿ ಕೆಂಪು ಇಂಗ್ಲಿಷ್ ಅಕ್ಷರ ಮೂಡಿದವು. ಕಣ್ಣು ಮುಚ್ಚಿವೆ, ಒರೆಸಿ ಎಂದು ಕಾರು ಬೇಡಿಕೊಳ್ಳುತ್ತಿತ್ತು. ಮಾಮಾ ಅದನ್ನು ಸ್ವಾಗತ ಎಂದು ತಿಳಿದರು. ಅದು ಮಾಡುತ್ತಿದ್ದ ಟಿಂಗ್ ಟಿಂಗ್ ಸದ್ದು ಐನೋರ ಗಂಟೆಯಲ್ಲಿ ಮುಳುಗಿಹೋಯಿತು.

ಷೋರೂಮಿನವನು ಕಲಿಸಿದಂತೆ ಮಾಮಾ ಬ್ರೇಕ್ ಒತ್ತಿದರು, ಸ್ಟೇರಿಂಗ್ ಹಿಂದಿನ ಕಡ್ಡಿ ಎಳೆದರು. ಕಾರು ಗೇರಿಗೆ ಬಿದ್ದು ಹೊರಡಲು ತಯಾರಾಗಿತ್ತು. ಆದರೆ ಸದ್ದಿಲ್ಲ, ಹೊಗೆಯಿಲ್ಲ.

"ಚಾಲೂ ಆಗವಲ್ದು" ಎಂದು ಮಾಮಾ ಕಿಟಕಿಯಿಂದ ಹೇಳಿದ್ದು ನನಗೆ ಕೇಳಿಸಿತು. ಆಮೇಲೆ ಅವರು ರೇಸ್ ಕೊಟ್ಟರು.

ಕಾರು ನೆಗೆಯಿತು. ಐನೋರು ಗಂಟೆಯ ಸಮೇತ ಪಕ್ಕಕ್ಕೆ ಹಾರಿದರು. ಮುಂದಿನ ಎರಡು ಚಕ್ರ ಅಂಚು ದಾಟಿ ಗಾಳಿಯಲ್ಲಿ ತಿರುಗಿದವು, ಕಾರಿನ ಹೊಟ್ಟೆ ಕಲ್ಲಿಗೆ ಉಜ್ಜಿ ಕರಕರ ಅಂದಿತು, ಕಾರು ನಿಂತಿತು. ಕಾರಿನ ತಳದ ಉದ್ದಕ್ಕೂ ಹಾಸಿದ್ದ ಬ್ಯಾಟರಿಯ ಭಾರವೇ ಅದನ್ನು ಹಿಡಿದಿತ್ತಂತೆ. ಅದು ಆಮೇಲೆ ತಿಳಿದದ್ದು. ಆಗ ಕಂಡದ್ದು ಇಷ್ಟೇ: ಹಿಂದಿನ ಭಾಗ ನಿಧಾನಕ್ಕೆ ಮೇಲೇಳುತ್ತಿತ್ತು, ಇಳಿಯುತ್ತಿತ್ತು. ಒಳಗೆ ಮಾಮಾ.

"ಹಿಂದಿನ ಸೀಟಿಗೆ ಬರ್ರಿ ಸಾವ್ಕಾರ್ರ, ಹಗೂರಕ ಬರ್ರಿ" ಎಂದು ಕ್ರೇನಿನ ಹಿರಿಯರು ಕೂಗಿದರು. ಮುಂದಿನ ಬಾಗಿಲು ತೆರೆದು ಕಾಲಿಟ್ಟರೆ ಕೆಳಗೆ ನೆಲ ಇರಲಿಲ್ಲ. ಮಾಮಾ ಎರಡು ಸೀಟಿನ ನಡುವಿನ ಸಂದಿಯಲ್ಲಿ ತೂರಿದರು. ಧೋತರ ಎಲ್ಲೋ ಸಿಕ್ಕಿಕೊಂಡಿತು, ಅರ್ಧ ಬಿಚ್ಚಿಕೊಂಡೇ ಹಿಂದಿನ ಸೀಟಿಗೆ ಬಿದ್ದರು. ಕಾರಿನ ಹಿಂಭಾಗ ನೆಲ ಮುಟ್ಟಿತು. ಇನ್ನು ಹಿಂದಿನ ಬಾಗಿಲಿಂದ ಇಳಿದರೆ ಮುಗಿಯಿತು ಎಂದುಕೊಂಡೆವು.

ಮಾಮಾ ಇಳಿಯಲಿಲ್ಲ.

"ನಾ ಇಳಿದ್ರ ಹಿಂದ ಹಗರ ಆಗ್ತೈತಿ. ಗಾಡಿ ಕೆಳಗ ಹೋಗ್ತೈತಿ" ಅಂದರು ಕಿಟಕಿ ಇಳಿಸಿ.

"ಹೋದ್ರ ಹೋಗ್ಲಿ, ನೀವ್ ಇಳೀರಿ" ಎಂದರು ಮಾಮಿ, ಆರತಿ ತಟ್ಟೆ ಹಿಡಿದುಕೊಂಡೇ.

"ಹೋದ್ರ ಹೋಗ್ಲಿ ಅಂದ್ರ? ಸರ್ಕಾರದ ಅರ್ಧ ಅಲ್ಲಿ ಜೋತಾಡಾಕತ್ತೈತಿ. ನನ್ನ ಅರ್ಧ ಇಲ್ಲೆ ಐತಿ. ಅದು ಬೀಳೂ ಮುಂದ ನಂದೂ ಎಳಕೊಂಡ ಹೋಗ್ತೈತಿ."

ಯಾರೋ ಕೆಲಸದವರು ನಕ್ಕುಬಿಟ್ಟರು. ಮಾಮಾ ನನ್ನ ಕಡೆ ತಿರುಗಿದರು.

"ಮಾಸ್ತರ, ಇದು ಬಿದ್ರ ಇನ್ಶೂರೆನ್ಸ್‌ನಾವ್ರು ಸುಂಕದ ರೊಕ್ಕಾನೂ ಕೊಡ್ತಾರೋ, ಬರೇ ಗಾಡೀದಷ್ಟ ಕೊಡ್ತಾರೋ?"

ಈ ಪ್ರಶ್ನೆಗೆ ಒಂದು ಉತ್ತರ ಸಾಕಿತ್ತು. ಎಲ್ಲ ಕೊಡ್ತಾರ, ಇಳೀರಿ. ಸುಳ್ಳಾದರೂ ಸರಿ. ಹತ್ತು ವರ್ಷ ಪಾಠ ಹೇಳಿದ ನಾಲಿಗೆ ಹೊರಳಲಿಲ್ಲ.

"ಅದು ಪಾಲಿಸಿ ಮ್ಯಾಲ ಹೋಗ್ತೈತ್ರಿ ಮಾಮಾ," ಅಂದೆ. "ಇನ್‌ವಾಯ್ಸ್ ಬೆಲೆಗೆ ಮಾಡ್ಸಿದ್ರ ಒಂದು ನಮೂನಿ, ಸವಕಳಿ ಕಳೆದು ಮಾಡ್ಸಿದ್ರ ಒಂದು ನಮೂನಿ. ರಸ್ತೆ ತೆರಿಗಿ ಬ್ಯಾರೆ."

"ಹಂಗಾರ ಖಾತ್ರಿ ಇಲ್ಲ."

"ಕಾಗದ ನೋಡ್ಬೇಕ್ರಿ."

ಮಾಮಾ ಸೀಟಿಗೆ ಬೆನ್ನು ಆನಿಸಿ ಕೂತರು. ಆಗಲೇ ಅಂಚಿನ ಕಲ್ಲಿನ ಒಂದು ಚಕ್ಕೆ ಕಿತ್ತು ಕೆಳಗೆ ಹೋಯಿತು. ಬಿದ್ದು ನೀರು ಮುಟ್ಟಿದ ಸದ್ದು ಬರಲು ಹಿಡಿದ ಹೊತ್ತು ನನಗೆ ಇವತ್ತೂ ಮುಗಿದಿಲ್ಲ. ಕಾರು ಒಂದು ಗೇಣು ಮುಂದೆ ಜಾರಿತು.

ಕ್ರೇನ್ ಕ್ವಾರಿಯ ಆ ತುದಿಯಿಂದ ಬರಬೇಕಿತ್ತು. ಹಿರಿಯರು ಓಡಿ ಹೋಗಿ ತಂದರು. ಅದು ಆಮೆಯಂತೆ ಬಂತು. ಕಲ್ಲಿನ ಬ್ಲಾಕು ಎತ್ತುವ ನೈಲಾನ್ ಬೆಲ್ಟನ್ನು ಹೊಟ್ಟೆ ಮೇಲೆ ತೆವಳಿ ಕಾರಿನ ಹಿಂದಿನ ಚಕ್ರಗಳಿಗೆ ಸುತ್ತಿ ಕ್ರೇನಿನ ಕೊಕ್ಕೆಗೆ ಹಾಕಿದರು. ಸುತ್ತಿ, ಎದ್ದು, ಮೈ ಝಾಡಿಸಿಕೊಂಡು ಅಂದರು: "ಇಳೀರಿ ಸಾವ್ಕಾರ್ರ. ಮನಶಾನ ಒಳಗಿಟಗೊಂಡು ನಾ ಎತ್ತೂದಿಲ್ಲ. ಹಂಗ ಎತ್ತಿದ್ರ ಕೆಲಸದಿಂದ ತಗೀತೇನಿ ಅಂತ ನೀವ ಹೇಳೀರಿ."

"ಈಗ ನಾ ಹೇಳಾಕತ್ತೇನಿ, ಎತ್ತು."

"ಅವತ್ತ ಹೇಳಿದ್ದ ಖರೆ ಐತ್ರಿ."

ಮಾಮಾ ಅಲ್ಲಾಡಲಿಲ್ಲ. ಕ್ರೇನ್ ಅಲ್ಲಾಡಲಿಲ್ಲ. ಬೆಲ್ಟು ಇನ್ನೂ ಸಡಿಲವಾಗಿಯೇ ಇತ್ತು. ಇನ್ನೊಂದು ಚಕ್ಕೆ ಕಿತ್ತಿದ್ದರೆ ಆ ಸಡಿಲಿನಷ್ಟು ದೂರ ಕಾರು ಬೀಳುತ್ತಿತ್ತು, ಆ ಎಳೆತಕ್ಕೆ ಬೆಲ್ಟು ನಿಲ್ಲುತ್ತಿತ್ತೋ ಇಲ್ಲವೋ. ಆಗ ಮಾಮಿ ಆರತಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಂದಿನ ಬಾಗಿಲು ತೆರೆದು ಒಳಗೆ ಕೂತರು.

"ಏ, ಏನ್ ಮಾಡಾಕತ್ತಿ?" ಮಾಮಾ ಕೂಗಿದರು. "ಇಳಿ ಕೆಳಗ."

"ಗಾಡಿ ತಂದೀರಿ. ಒಂದ ಸಲಾನೂ ಕುಂಡ್ರಬಾರದೇನು?"

"ಹುಚ್ಚಿ, ಇಳಿ ಅಂದೆ."

"ನೀವ್ ಇಳಿದ್ರ ಇಳೀತೇನಿ. ಇಲ್ಲಾಂದ್ರ ಜೋಡಿಲೆ ಹೋಗೂಣು. ಸುಂಕ ಇಬ್ಬರ ಹೆಸರಿಲೆ ಮನ್ನಾ ಆಗ್ತೈತಿ."

ಇದಾದ ಮೇಲೆ ಮಾಮಿ ಬಗ್ಗಿದ್ದು ಕಂಡಿತು. ಮಾಮಾನ ಎರಡೂ ಕಾಲು ಹಿಡಿದಿದ್ದರು. ನಮಸ್ಕಾರ ಮಾಡಿ ಬೇಡಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಮಾಮಾ ಬಾಗಿಲಿನ ಅಂಚಿಗೆ ಬಂದರು. ಅವರ ತೋಳನ್ನು ನಾಲ್ಕು ಜನ ಎಳೆದೆವು. ಅವರ ಹಿಂದೆಯೇ ಮಾಮಿ, ಮಾಮಾನನ್ನು ದಬ್ಬುತ್ತ, ಅದೇ ಬಾಗಿಲಿಂದ ಇಳಿದರು. ಅಷ್ಟರಲ್ಲಿ ಕ್ರೇನ್ ಹತ್ತಿ ಕೂತಿದ್ದ ಹಿರಿಯರು ಆ ಕ್ಷಣಕ್ಕೆ ಬೆಲ್ಟು ಬಿಗಿ ಮಾಡಿದರು. ಕಾರು ನರಳುತ್ತ ಹಿಂದಕ್ಕೆ ಬಂದು ನೆಲದ ಮೇಲೆ ಕೂತಿತು. ಐನೋರು ಗಂಟೆ ಎತ್ತಿಕೊಂಡು "ಪೂಜಿ ಮುಗದಂಗ ಆತು" ಅಂದರು.

ಕಾರು ಉಳಿಯಿತು ಅನ್ನುವಂತಿಲ್ಲ. ಬ್ಯಾಟರಿಯ ಹೊಟ್ಟೆ ಸೀಳಿತ್ತು. ಹೊಸದು ಪರದೇಶದಿಂದ ಬರಬೇಕು, ಸುಂಕ ಬೇರೆ ಎಂದರು ಕಂಪನಿಯವರು. ಮಾಮಾ ಅದಕ್ಕೂ ನನ್ನನ್ನೇ ಕರೆಸಿದರು. ಗಾಡಿಗೆ ಒಂದು ಸಲ ಸುಂಕ ಕಟ್ಟಿದ ಮೇಲೆ ಅದರ ಹೊಟ್ಟೆಗೆ ಇನ್ನೊಂದು ಸಲ ಯಾಕೆ ಎಂಬುದು ಅವರ ಪ್ರಶ್ನೆ. ಕಾರು ಮಾಮಾನ ಕಲ್ಲು ಪಾಲಿಷ್ ಕಾರ್ಖಾನೆಯ ಹಿಂದೆ ತಾಡಪಾಲು ಹೊದ್ದು ನಿಂತಿತು. ಇಳಕಲ್ಲಿನ ಚಹಾದಂಗಡಿಗಳಲ್ಲಿ ಕಥೆ ಬೆಳೆಯಿತು. ಜೀವಕ್ಕಿಂತ ಸುಂಕ ದೊಡ್ಡದೆಂದ ಸಾವ್ಕಾರ ಎಂದು ಜನ ನಕ್ಕರು. ಮಾಮಾ ತಾವೂ ಹಾಗೇ ಹೇಳಿಕೊಂಡು ನಕ್ಕರು.

ನನಗೆ ನಗು ಬರಲಿಲ್ಲ, ನಿದ್ದೆಯೂ ಬರಲಿಲ್ಲ. ಕಣ್ಣು ಹತ್ತಿದರೆ ಸಾಕು, ಆ ಚಕ್ಕೆ ಬೀಳುತ್ತದೆ, ನೀರು ಮುಟ್ಟುವುದಿಲ್ಲ, ಮತ್ತೆ ನನ್ನದೇ ದನಿ: ಪಾಲಿಸಿ ಮ್ಯಾಲ ಹೋಗ್ತೈತ್ರಿ. ಕಾಮರ್ಸಿನ ಇಷ್ಟು ಪುಸ್ತಕ ಓದಿ ಒಬ್ಬ ಮನುಷ್ಯನನ್ನು ಗುಂಡಿಯ ಬಾಯಲ್ಲಿ ಕೂರಿಸಿದವನು ನಾನು. ಬಾಗಲಕೋಟೆಯ ವೈದ್ಯರು ಗುಳಿಗೆ ಕೊಟ್ಟರು. ಅದರಿಂದ ಹಗಲು ತರಗತಿಯಲ್ಲಿ ನಿದ್ದೆ ಬಂತು. ಹುಡುಗರನ್ನು ಬಾದಾಮಿಗೆ ಪ್ರವಾಸ ಕರೆದುಕೊಂಡು ಹೋದಾಗ ಗುಹೆಗಳ ಮೆಟ್ಟಿಲು ಅರ್ಧ ಹತ್ತಿ ಕೂತುಬಿಟ್ಟೆ. ಅಲ್ಲಿಂದ ಕೆಳಗೆ ನೋಡಲಾಗಲಿಲ್ಲ. "ಸರ್‌ಗೆ ಶಿಲ್ಪಕಲಾ ಇಷ್ಟ ಇಲ್ಲ" ಎಂದು ಹುಡುಗರು ತೀರ್ಮಾನಿಸಿದರು. ಬರುವಾಗ ಶಿವಯೋಗ ಮಂದಿರದಲ್ಲಿ ಇಳಿದು ಮಲಪ್ರಭೆಯ ದಂಡೆಯಲ್ಲಿ ಸ್ವಲ್ಪ ಹೊತ್ತು ಕೂತೆ. ನೀರು ಕಂಡರೆ ಮನಸ್ಸು ತಿಳಿಯಾಗುತ್ತದೆ ಎಂದು ಯಾರೋ ಹೇಳಿದ್ದರು. ಅವರು ಯಾವ ನೀರಿನ ಬಗ್ಗೆ ಹೇಳಿದ್ದರೋ.

ಎಳ್ಳ ಅಮಾವಾಸ್ಯೆಗೆ ಮಾಮಾನ ಹೊಲಕ್ಕೆ ಎಲ್ಲರೂ ಹೋದೆವು. ಬೆಳೆಗೆ ಎಡೆಯಾಗಿ ಚರಗ ಚೆಲ್ಲಿ, ಸಜ್ಜಿರೊಟ್ಟಿ, ಕಡಬು, ಬದನೆಕಾಯಿ ಪಲ್ಯ ಉಂಡು ಜನ ಅಲ್ಲಲ್ಲಿ ಅಡ್ಡಾದರು. ಬೇವಿನ ಗಿಡದ ಕೆಳಗೆ ಮಾಮಾ, ನಾನು, ಸ್ವಲ್ಪ ಆಚೆ ಡಬ್ಬಿ ಮುಚ್ಚುತ್ತಿದ್ದ ಮಾಮಿ. ನನಗೆ ತಡೆಯಲಾಗಲಿಲ್ಲ.

"ಮಾಮಾ, ಅವತ್ತ ನಾ ಎಲ್ಲಾ ಕೊಡ್ತಾರ ಅನ್ನಬೇಕಿತ್ತು. ನನ್ನ ಮಾತಿಗೆ ನೀವ್ ಅಲ್ಲೇ ಕುಂತ್ರಿ. ಏನಾರ ಆಗಿದ್ರ..."

ಮಾಮಾ ನನ್ನನ್ನು ನೋಡಿದರು. ಹಲ್ಲಿನ ಸಂದಿಯ ಬದನೆಯ ನಾರನ್ನು ಕಡ್ಡಿಯಿಂದ ತೆಗೆದರು.

"ನಿನ್ನ ಮಾತಿಗೆ ನಾ ಕುಂತೆ ಅಂತ ತಿಳಕೊಂಡೀಯೇನಲೇ ಮಾಸ್ತರ?"

"ಮತ್ತ?"

"ಹಿಂದಿನ ಸೀಟಿಗೆ ಹೆಂಗ ಬಂದ್ನೋ ನನಗ ಗೊತ್ತಿಲ್ಲ. ಬಂದ ಮ್ಯಾಲ ಕಾಲು ಏಳವಲ್ಲವು. ಇಳೀಬೇಕಂತೇನಿ, ಸೊಂಟದ ಕೆಳಗ ಏನೂ ಇಲ್ಲ. ನಲವತ್ತ ಮಂದಿ ಕೆಲಸದವರು ನೋಡಾಕತ್ತಾರ. ಕಾಲು ಬರವಲ್ಲವು ಅಂತ ಹೆಂಗ ಹೇಳ್ಲಿ? ಸುಂಕದ ಸುದ್ದಿ ತಗದೆ. ನೀ ಎಲ್ಲಾ ಕೊಡ್ತಾರ ಅಂದಿದ್ರ ನನ್ನ ಮಾನ ಹೋಗ್ತಿತ್ತು. ಇನ್ನೊಂದ ನೆವ ಹುಡಕಬೇಕಾಗಿತ್ತು."

"ಮಾಮಿಗೆ ಗೊತ್ತಿತ್ತೇನ್ರಿ?"

ಮಾಮಿ ಡಬ್ಬಿಯಿಂದ ಕಣ್ಣು ಎತ್ತಲಿಲ್ಲ. "ಒಂದೊಂದ ಕಾಲು ಎತ್ತಿ ಹೊರಗಿಟ್ಟಾಕಿ ನಾನು. ನಮಸ್ಕಾರ ಮಾಡಾಕ ಹೋಗಿದ್ಲು ಅಂತ ಊರಾಗ ನೀನ ಹೇಳ್ಕೋಂತ ಅಡ್ಡಾಡೀಯಂತಲ್ಲ."

"ಮಂದಿ ಮುಂದ ಸುಂಕಾನ ಇರ್ಲಿ," ಅಂದರು ಮಾಮಾ. "ಜಿಪುಣ ಅಂದ್ರ ನಡೀತೈತಿ."

ಹಾಗಾಗಿ ಇದನ್ನು ಬರೆಯುವ ಮೊದಲು ಅವರ ಒಪ್ಪಿಗೆ ಕೇಳಿದೆ. ಮಾಮಾ ಒಂದು ವಾರ ಯೋಚಿಸಿ, ಕ್ವಾರಿಯಲ್ಲಿ ಪುಸ್ತಕ ಓದುವವರು ಯಾರಿದ್ದಾರೆ ಎಂದು ಲೆಕ್ಕ ಹಾಕಿ, ಬರೆದುಕೋ ಅಂದರು.

ಅಮಾವಾಸ್ಯೆಯ ಆ ರಾತ್ರಿ ಒಂಬತ್ತೂವರೆಗೆ ಮಲಗಿದೆ. ಗುಳಿಗೆ ನುಂಗುವುದು ನೆನಪಾಗಲಿಲ್ಲ. ಎಚ್ಚರವಾದಾಗ ಬಿಸಿಲು ಹಾಸಿಗೆಯ ಮೇಲೆ ಬಂದಿತ್ತು, ಮೊಬೈಲಿನಲ್ಲಿ ಪ್ರಿನ್ಸಿಪಾಲರ ನಾಲ್ಕು ಕರೆಗಳಿದ್ದವು, ಮೊದಲ ಪಿರಿಯಡ್ ಮುಗಿದಿತ್ತು. ಹುಡುಗರಿಗೆ ಅವತ್ತು ಹೇಳಬೇಕಾಗಿದ್ದದ್ದು ಆಮದು ಸುಂಕದ ಪಾಠ. ಅವರು ಕ್ರಿಕೆಟ್ ಆಡಿದರಂತೆ.